ಹೆಂಗಸರ ಗ್ಯಾಲರಿಯಿಂದ ಬಂದ ಒನ್ಸ್ ಮೋರ್

ನಂಬುವ ವಿಷಯದಲ್ಲಿ ನಾನು ಮೊದಲಿನಿಂದಲೂ ಜಿಪುಣ. ಯಾರಾದರೂ ದೆವ್ವದ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ, ಹೆದರಿಕೆಯಿಂದಲ್ಲ, ಬೇಸರದಿಂದ. ಹೊಟ್ಟೆಪಾಡೂ ಅಂಥದ್ದೇ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಗೇಜು ಹಿಡಿದು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕೆ ಎತ್ತಿಡುವುದು ನನ್ನ ಕೆಲಸ. "ನಮ್ಮವ್ರು ರೊಟ್ಟಿನೂ ಗೇಜ್ ಹಾಕೇ ತಿಂತಾರ್ರಿ" ಎಂದು ಬಂದವರ ಮುಂದೆಲ್ಲ ಹೆಂಡತಿ ಆಡಿಕೊಳ್ಳುತ್ತಾಳೆ. ಇಂಥವನು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಬೇಕೆಂಬ ಹಟ ನನಗಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇಷ್ಟೊತ್ತಿಗೆ ಪುಟ ತಿರುವಿರುತ್ತಿದ್ದೆ.

ಕೆಲಸದ ಹೊರಗೆ ನನಗಿರುವ ಒಂದೇ ಹುಚ್ಚು ಹಾರ್ಮೋನಿಯಂ. ಚಿಕ್ಕಂದಿನಿಂದ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಕುಳಿತಲ್ಲೇ ಕುಣಿಸುತ್ತಿರುತ್ತೇನೆ. ಅದನ್ನು ನೋಡಿಯೇ ನನ್ನ ಗುರುಗಳು, "ಇವಗ ಕೈಪೆಟ್ಟಿಗಿ ಬ್ಯಾಡ, ಕಾಲಪೆಟ್ಟಿಗಿ ಕಲಸೂನು" ಎಂದರಂತೆ. ಹಳೆಯ ನಾಟಕ ಕಂಪನಿಗಳಲ್ಲಿ ಕಾಲಿನಿಂದ ಗಾಳಿ ತುಳಿಯುತ್ತ ಎರಡೂ ಕೈಯಲ್ಲಿ ನುಡಿಸುತ್ತಿದ್ದ ದೊಡ್ಡ ಪೆಟ್ಟಿಗೆ ಅದು. ಈಗ ಅದನ್ನು ನುಡಿಸುವವರು ನಮ್ಮ ಭಾಗದಲ್ಲಿ ಬೆರಳೆಣಿಕೆಯಷ್ಟು ಮಂದಿ. ಹಾಗಾಗಿಯೇ ಸಪ್ತಾಪುರದ ನಿವೃತ್ತ ಪ್ರೊಫೆಸರರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು.

ಅವರ ತಲೆಯಲ್ಲಿ ಕುಳಿತಿದ್ದದ್ದು 'ಹೇಮಾವಳಿ' ಎಂಬ ಬಹಳ ಹಳೆಯ ಸಂಗೀತ ನಾಟಕ. ಅದರಲ್ಲಿ ಮಾತು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ರಾಜ ಯುದ್ಧಕ್ಕೆ ಹೊರಡುವುದೂ ಹಾಡು, ದೂತ ಸುದ್ದಿ ತರುವುದೂ ಹಾಡು, ರಾಣಿ ಕಾಯುವುದಂತೂ ಹಾಡೇ ಹಾಡು. ಅಷ್ಟೊಂದು ಹಾಡಬಲ್ಲ ನಟರು ಸಿಗದೆ ಕಂಪನಿಗಳು ಅದನ್ನು ಎಂದೋ ಕೈಬಿಟ್ಟಿದ್ದವು. "ಇದು ನಮ್ಮ ಕಡೀ ಒಪೆರಾ ಐತ್ರಿ, ಪರದೇಶದಾಗ ಬರೇ ಹಾಡಿನಾಗ ನಾಟಕ ಆಡ್ತಾರಲ್ಲ, ಹಂಗ" ಎಂದು ಪ್ರೊಫೆಸರರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಪೋಸ್ಟರಿನಲ್ಲೂ ಹಾಗೆಯೇ ಹಾಕಿಸಿದರು. ಅದನ್ನು ಓದಿ ನಮ್ಮ ತಬಲಾದ ಇಮಾಮ್, ಹಾಗಾದರೆ ಸಂಭಾವನೆಯೂ ವಿದೇಶದ ಲೆಕ್ಕದಲ್ಲಿ ಬರಬಹುದೇ ಎಂದು ಬಹಳ ಗಂಭೀರವಾಗಿ ವಿಚಾರಿಸಿದ.

ರಾಣಿಯ ಪಾತ್ರಕ್ಕೆ ಕಸ್ತೂರಕ್ಕ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅರವತ್ತು ದಾಟಿದವರು, ಹಳೇ ಹುಬ್ಬಳ್ಳಿಯ ತಮ್ಮ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಹದಿಹರೆಯದಲ್ಲಿ ಅವರು ಕಂಪನಿಯೊಂದರಲ್ಲಿದ್ದಾಗ ಇದೇ ನಾಟಕ, ಈಗ ನಾವು ಪ್ರಯೋಗಕ್ಕೆ ಗೊತ್ತುಮಾಡಿದ್ದ ಹುಬ್ಬಳ್ಳಿಯ ರಂಗಮಂದಿರದಲ್ಲೇ, ಕೊನೆಯ ಸಲ ಪ್ರದರ್ಶನವಾಗಿತ್ತು. ಆಗ ಅವರದು ಸಖಿಯ ಪಾತ್ರ. ರಾಣಿ ಹಾಡುವಾಗ ಹಿಂದೆ ದೀಪ ಹಿಡಿದು ನಿಲ್ಲುವುದಷ್ಟೇ ಕೆಲಸ. ನಿಂತು ನಿಂತೇ ಹಾಡುಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು, ಆದರೆ ಹಾಡಲು ಯಾರೂ ಕರೆಯಲಿಲ್ಲ. ಆಮೇಲೆ ಕಂಪನಿ ಮುಚ್ಚಿತು. ಬೇರೆ ಕಂಪನಿಗಳಲ್ಲಿ ಅವರಿಗೆ ಸಿಕ್ಕಿದ್ದೆಲ್ಲ ನಗಿಸುವ ಅತ್ತೆಯ, ಜಗಳಗಂಟಿ ನೆರೆಯವಳ ಪಾತ್ರಗಳು. ಪ್ರೊಫೆಸರರು ಹೋಗಿ ಕೇಳಿದಾಗ ಕಸ್ತೂರಕ್ಕ, "ಮೂರನೇ ಅಂಕದ ಹಾಡು ನನಗ ಕೊಡ್ತೀರಿಲ್ಲೋ?" ಎಂದು ಕೇಳಿದರಂತೆ. ರಾಣಿಯ ಪಾತ್ರವನ್ನೇ ಕೊಡಲು ಹೋದವರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ.

ಮೂರನೇ ಅಂಕದಲ್ಲಿ ಮುಸ್ಸಂಜೆಯಾಗುತ್ತದೆ. ಸಖಿ ಅರಮನೆಯ ಬಾಗಿಲು ಹಾಕಲು ಹೋದಾಗ ರಾಣಿ ತಡೆಯುತ್ತಾಳೆ. 'ಬಾಗಿಲ ಮುಚ್ಚದಿರೆ ಸಖಿ, ಬರುವವರಿರಬಹುದು' ಎಂದು ಶುರುವಾಗುವ ಹಾಡು. ನಾಟಕಕ್ಕೆ ಅದೇ ಪ್ರಾಣ. ತೊಡಕು ಇದ್ದದ್ದೂ ಅಲ್ಲಿಯೇ. ಕಸ್ತೂರಕ್ಕನ ಗಂಟಲಿನಲ್ಲಿ, ಸ್ವರ ಹೊರಡುವ ಜಾಗದಲ್ಲೇ, ಒಂದು ಸಣ್ಣ ಗಂಟಾಗಿತ್ತು. ಎತ್ತರದಲ್ಲಿ ಹಾಡಬೇಡಿ, ಒಂದು ಹಾಡನ್ನು ಒಮ್ಮೆಗಿಂತ ಹೆಚ್ಚು ಹಾಡಬೇಡಿ, ಹಟಕ್ಕೆ ಬಿದ್ದರೆ ಹಾಡುವುದಿರಲಿ ಮಾತಾಡುವ ದನಿಯೂ ಹೋದೀತು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ದನಿ ಹೋದರೆ ಅವರ ಪಾಠವೂ ಹೋಯಿತು; ಗಂಡ ತೀರಿಕೊಂಡ ಮೇಲೆ ಆ ಮನೆ ನಡೆಯುತ್ತಿದ್ದದ್ದೇ ಪಾಠದಿಂದ. ಕಂಪನಿಯ ಕಾಲದಲ್ಲಿ ಪೆಟ್ಟಿಗೆಯ ಕರಿ ಐದರಿಂದ, ಅಂದರೆ ಐದನೇ ಕಪ್ಪು ಮನೆಯ ಎತ್ತರದ ಸ್ವರದಿಂದ, ಎತ್ತುತ್ತಿದ್ದ ಹಾಡನ್ನು ನಾವು ಕರಿ ಮೂರಕ್ಕೆ ಇಳಿಸಿದೆವು. ತಾಲೀಮಿನಲ್ಲೂ ಅವರು ಪೂರ್ತಿ ಹಾಡುತ್ತಿರಲಿಲ್ಲ, ಗುನುಗುತ್ತಿದ್ದರು ಅಷ್ಟೇ. ಇಷ್ಟಾದರೂ ಯಾಕೆ ಒಪ್ಪಿಕೊಂಡಿರಿ ಎಂದು ಒಮ್ಮೆ ಕೇಳಿದೆ. "ಒಮ್ಮೆರೆ ನನ್ನ ದನೀಲೇ ಆ ಹಾಡು ಅಲ್ಲಿ ಆಗ್ಲಿ ತಮ್ಮಾ. ಆಮ್ಯಾಲ ಏನರ ಆಗ್ಲಿ" ಎಂದರು. ಅವರು ಹಾಗೆಂದುಬಿಟ್ಟರು, ನನಗೆ ಮಾತ್ರ ಅಂದಿನಿಂದ ಸಮಾಧಾನವಿಲ್ಲದಂತಾಯಿತು.

ಪ್ರಯೋಗಕ್ಕೆ ಮುಂಚಿನ ಭಾನುವಾರ ರಂಗಮಂದಿರ ನೋಡಲು ಹೋದೆವು. ಕಂಪನಿಗಳ ಕಾಲದ ಕಟ್ಟಡ. ನಡುವೆ ಕೆಲವು ವರ್ಷ ಟಾಕೀಸಾಗಿ, ಆಮೇಲೆ ಗೋದಾಮಾಗಿ, ಈಗ ಮತ್ತೆ ದುರಸ್ತಿಯಾಗಿ ರಂಗಮಂದಿರವಾಗಿತ್ತು. ಕೆಳಗಿನದೆಲ್ಲ ಹೊಸದು. ಮೇಲಿನ ಗ್ಯಾಲರಿ ಮಾತ್ರ ಹಾಗೆಯೇ ಉಳಿದಿತ್ತು. ಹಲಗೆ ಗೆದ್ದಲು ಹಿಡಿದಿದೆಯೆಂದು ಅದರ ಮೆಟ್ಟಿಲನ್ನೇ ಕಿತ್ತುಹಾಕಿದ್ದರು. ಕಸ್ತೂರಕ್ಕ ವೇದಿಕೆಯ ಮೇಲೆ ನಿಂತು ಮೊದಲು ನೋಡಿದ್ದು ಅಲ್ಲಿಗೆ.

"ಅದು ಹೆಂಗಸರ ಗ್ಯಾಲರಿ" ಎಂದರು. "ಗಂಡಸರು ಕೆಳಗ, ಹೆಂಗಸರು ಮ್ಯಾಲ. ಹಾಡು ಮನಸಿಗೆ ಹತ್ತಿದ್ರ ಗಂಡಸರು ಒನ್ಸ್ ಮೋರ್ ಅಂತ ಒದರತಿದ್ರು. ಹೆಂಗಸರು ಒದರೂ ಹಂಗಿದ್ದಿಲ್ಲ. ಕೈಯಾಗ ಬೀಸಣಕಿ ಇರತಿದ್ವಲ್ಲ, ಅದರ ಹಿಡಕೀಲೆ ಮುಂದಿನ ಕಟ್ಟಿಗಿಗೆ ಬಡೀತಿದ್ರು. ಟಕ್, ಟಕ್, ಟಕ್ ಅಂತ."

"ಬಡದ್ರ ಮತ್ತ ಹಾಡಬೇಕೇನ್ರಿ?" ಎಂದು ಕೇಳಿದೆ.

"ಗಂಡಸರು ಒದರಿದ್ರ ಕೈ ಮುಗದು ಮುಂದ ಹೋಗಬಹುದಿತ್ತು. ಮ್ಯಾಲಿಂದ ಬಡದ್ರ ಇಲ್ಲ ಅನ್ನೂ ಹಂಗಿದ್ದಿಲ್ಲ. ಮನೀ ಕೆಲಸ ಮುಗಿಸಿ, ಯಾರ್‍ಯಾರದೋ ಕೈಕಾಲು ಹಿಡಕೊಂಡು ವರ್ಷಕ್ಕೊಮ್ಮೆ ಬಂದವ್ರು ಅವ್ರು. ಅವ್ರಿಗೆ ಹ್ಯಾಂಗ ಇಲ್ಲ ಅಂತಿ?"

ಒನ್ಸ್ ಮೋರ್ ಕೂಗಬಾರದೆಂದು ಮೊದಲೇ ಮೈಕಿನಲ್ಲಿ ಹೇಳಿಬಿಡೋಣ ಎಂದೆ. ಅವರು ಒಪ್ಪಿದರು. "ಮ್ಯಾಲಿನವ್ರಿಗೂ ಹೇಳ್ರಿ ಮತ್ತ" ಎಂದು ಇಮಾಮ್ ನಕ್ಕ. ನಾನೂ ನಕ್ಕೆ. ಕಸ್ತೂರಕ್ಕ ನಗಲಿಲ್ಲ, ಅದನ್ನು ನಾನು ಆಗ ಗಮನಕ್ಕೆ ತಂದುಕೊಳ್ಳಲಿಲ್ಲ.

ಪ್ರಯೋಗದ ದಿನ ಸಂಜೆ ಕೆಳಗಿನ ಕುರ್ಚಿಗಳೆಲ್ಲ ತುಂಬಿದವು. ಪ್ರೊಫೆಸರರೇ ಮೈಕ್ ಹಿಡಿದು, ಕಲಾವಿದರ ಆರೋಗ್ಯದ ದೃಷ್ಟಿಯಿಂದ ದಯವಿಟ್ಟು ಯಾರೂ ಒನ್ಸ್ ಮೋರ್ ಹೇಳಬಾರದು ಎಂದು ಕೈಮುಗಿದು ಕೇಳಿಕೊಂಡರು. ನಾನು ಮತ್ತು ಇಮಾಮ್ ವೇದಿಕೆಯ ಮುಂದಿನ ತಗ್ಗಿನಲ್ಲಿ ಕುಳಿತಿದ್ದೆವು. ಮುಖ ವೇದಿಕೆಯ ಕಡೆಗೆ, ಬೆನ್ನು ಜನರ ಕಡೆಗೆ. ಮೊದಲ ಎರಡು ಅಂಕ ಸುಸೂತ್ರವಾಗಿ ಆದವು. ನನ್ನ ಲಕ್ಷ್ಯವೆಲ್ಲ ಕಸ್ತೂರಕ್ಕನ ಗಂಟಲಿನ ಮೇಲೆ. ಅವರು ಎಲ್ಲಿ ಕೆಮ್ಮುತ್ತಾರೋ, ಎಲ್ಲಿ ದನಿ ಒಡೆಯುತ್ತದೋ ಎಂದು ಮೈಯೆಲ್ಲ ಕಿವಿಯಾಗಿ ಕುಳಿತಿದ್ದೆ.

ಮೂರನೇ ಅಂಕ ಬಂತು. ಸಖಿ ದೀಪ ಹಿಡಿದು ಹಿಂದೆ ನಿಂತಳು. ನಾನು ಕರಿ ಮೂರರ ಸ್ವರ ಕೊಟ್ಟೆ. ಕಸ್ತೂರಕ್ಕ ಹಾಡಿದರು. ಮುಗಿಯಿತು. ಚಪ್ಪಾಳೆ ಬಿತ್ತು. ಯಾರೂ ಒನ್ಸ್ ಮೋರ್ ಅನ್ನಲಿಲ್ಲ. ಸದ್ಯ, ಪಾರಾದೆವು ಎಂದು ಕಾಲು ಸಡಿಲ ಬಿಟ್ಟು ಮುಂದಿನ ದೃಶ್ಯದ ಸ್ವರಕ್ಕೆ ಬೆರಳು ಸರಿಸಿದೆ.

ಆಗ ಕೇಳಿಸಿತು. ಟಕ್, ಟಕ್, ಟಕ್.

ಮೊದಲು ಫ್ಯಾನಿರಬೇಕು ಅಂದುಕೊಂಡೆ. ಕಾರ್ಖಾನೆಯಲ್ಲಿ ದಿನವಿಡೀ ಯಂತ್ರದ ಸದ್ದು ಕೇಳುವವನಿಗೆ ಯಾವ ಸದ್ದು ಎಲ್ಲಿಂದ ಬರುತ್ತದೆಂಬ ಅಂದಾಜು ಇರುತ್ತದೆ. ಇದು ಬೆನ್ನ ಹಿಂದಿನಿಂದ, ಮೇಲಿನಿಂದ ಬರುತ್ತಿತ್ತು. ಕಟ್ಟಿಗೆಗೆ ಕಟ್ಟಿಗೆ ತಾಗುವ ಸದ್ದು. ಒಂದೇ ಕಡೆಯಿಂದಲ್ಲ, ಇಲ್ಲೊಂದು ಅಲ್ಲೊಂದು. ಆಮೇಲೆ ಎಲ್ಲ ಒಂದೇ ಲಯಕ್ಕೆ ಬಂದವು. ವೇದಿಕೆಯ ಕಡೆ ನೋಡಿದೆ. ಕಸ್ತೂರಕ್ಕ ತಲೆಯೆತ್ತಿ ಗ್ಯಾಲರಿಯನ್ನು ನೋಡುತ್ತಿದ್ದರು. ಅವರು ಸೆರಗು ಸರಿಮಾಡಿಕೊಂಡು ಆ ಕಡೆಗೆ ಬಾಗಿ ನಮಸ್ಕಾರ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, ಸ್ವರ ಎತ್ತು ಎಂದು ಬೆರಳಿನಲ್ಲಿ ಸನ್ನೆ ಮಾಡಿದರು. ಬೇಡ ಎಂದು ನಾನು ತಲೆಯಾಡಿಸಿದೆ. ಮತ್ತೆ ಸನ್ನೆ. ನಾನು ಪೆಟ್ಟಿಗೆಯ ಮೇಲಿನ ಎರಡೂ ಕೈ ತೆಗೆದುಬಿಟ್ಟೆ. ಸ್ವರ ಕೊಡದಿದ್ದರೆ ಹೇಗೆ ಹಾಡುತ್ತಾರೆ ನೋಡೋಣ ಎಂಬ ಹಟ.

ಹಾಡು ತಾನೇ ಶುರುವಾಯಿತು. ನಾವು ಇಳಿಸಿದ ಸ್ವರದಲ್ಲಲ್ಲ, ಹಳೆಯ ಕರಿ ಐದರಲ್ಲಿ. ನಾನು ತಡವರಿಸಿ ಪೆಟ್ಟಿಗೆಯಲ್ಲಿ ಆ ಮನೆ ಹುಡುಕಿಕೊಂಡು ಹಿಂದೆ ಓಡಬೇಕಾಯಿತು. ಆ ದನಿಯನ್ನು ವರ್ಣಿಸಲು ನನಗೆ ಬರುವುದಿಲ್ಲ. ಎಲ್ಲಿಯೂ ತಡೆಯಿಲ್ಲ, ಉಸಿರು ಎಳೆದದ್ದು ಗೊತ್ತಾಗುವುದಿಲ್ಲ. 'ಬರುವವರಿರಬಹುದು' ಎಂಬ ಮಾತಿಗೆ ಬಂದಾಗಲೆಲ್ಲ ಅದು ಮೇಲೆ ಮೇಲೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ನುಡಿಸುತ್ತಲೇ ನನ್ನ ಕಣ್ಣಲ್ಲಿ ನೀರು ಬಂತು. ಜೊತೆಗೇ ವಿಪರೀತ ಸಿಟ್ಟೂ ಬಂತು. ನಾಳೆಯಿಂದ ಈ ಹೆಣ್ಣುಮಗಳ ಗತಿಯೇನು ಎಂದು ಇಲ್ಲಿ ಯಾರಿಗೂ ಚಿಂತೆಯಿಲ್ಲವಲ್ಲ ಎಂದು.

ಮುಗಿದಾಗ ಚಪ್ಪಾಳೆಯೇ ಇಲ್ಲ. ಆ ಮೌನದಲ್ಲಿ ಮತ್ತೆ ಮೇಲಿನಿಂದ ಶುರುವಾಯಿತು. ಟಕ್, ಟಕ್, ಟಕ್. ಈ ಸಲ ಇನ್ನೂ ಜೋರಾಗಿ. ಕಸ್ತೂರಕ್ಕನ ಮುಖ ಬಿಳುಪೇರಿತ್ತು. ಅವರು ಮತ್ತೆ ಕೈ ಎತ್ತುವುದನ್ನು ಕಂಡೆ.

ಮುಂದಿನದನ್ನು ನಾನೇ ಮಾಡಿದೆನೆಂದು ಇಂದಿಗೂ ನಂಬಲಾಗುವುದಿಲ್ಲ. ಪೆಟ್ಟಿಗೆ ಬಿಟ್ಟು ಎದ್ದು ನಿಂತೆ. ಹಿಂದಕ್ಕೆ ತಿರುಗಿದೆ. ಕತ್ತಲು ತುಂಬಿದ ಆ ಖಾಲಿ ಗ್ಯಾಲರಿಗೆ ಎರಡೂ ಕೈ ಜೋಡಿಸಿ, ಸಾಕು ತಾಯಂದಿರಾ, ಅವರಿಗೆ ಆಗುವುದಿಲ್ಲ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸದ್ದು ನಿಂತಿತು. ಹಾರ್ಮೋನಿಯಂದವನು ಜನಕ್ಕೆ ವಂದಿಸುತ್ತಿದ್ದಾನೆಂದುಕೊಂಡು ಇಡೀ ಸಭೆ ಚಪ್ಪಾಳೆ ಹೊಡೆಯಿತು. ಇಮಾಮ್ ನನ್ನ ಅಂಗಿ ಜಗ್ಗಿ, "ಕುಂದರ್ರಿ, ನಮ್ಮ ಪಾಳಿ ಇನ್ನೂ ಮುಗದಿಲ್ಲ" ಎಂದ.

ನಾಟಕ ಹೇಗೋ ಮುಗಿಯಿತು. ಜನ ಕಸ್ತೂರಕ್ಕನನ್ನು ಮುತ್ತಿಕೊಂಡರು. ವಯಸ್ಸಾದವರು ಕಾಲಿಗೆ ಬೀಳಲು ಬಂದರು. ಕಸ್ತೂರಕ್ಕ ಎಲ್ಲರಿಗೂ ಗಂಟಲು ಮುಟ್ಟಿ ತೋರಿಸಿ ಕೈ ಮುಗಿಯುತ್ತಿದ್ದರು. ಆಟೋ ಹತ್ತಿಸುವಾಗ ನಾನು ಹೇಗಿದ್ದೀರೆಂದು ಕೇಳಿದೆ. ಅದಕ್ಕೂ ಗಂಟಲನ್ನೇ ಮುಟ್ಟಿ ತೋರಿಸಿದರು. ಮನೆಗೆ ಬಂದು ಮಲಗಿದೆ. ಹಾಸಿಗೆಯಲ್ಲೂ ಕಾಲು ಪೆಟ್ಟಿಗೆ ತುಳಿಯುತ್ತಲೇ ಇತ್ತು. ಕೊನೆಗೆ ಹೆಂಡತಿ ದಿಂಬು ಎತ್ತಿಕೊಂಡು ಹೊರಗಿನ ಕೋಣೆಗೆ ಹೋದಳು.

ಮರುದಿನ ರಜೆ ಹಾಕಿ ಹುಬ್ಬಳ್ಳಿಗೆ ಹೋದೆ. ರಂಗಮಂದಿರದ ಕಾವಲುಗಾರ ಬೇಡಬೇಡ ಎಂದರೂ ಕೇಳದೆ ನಿಚ್ಚಣಿಕೆ ಹಾಕಿಸಿ ಗ್ಯಾಲರಿಯ ಅಂಚಿನ ತನಕ ಹತ್ತಿದೆ. ಮುಂಭಾಗದ ಉದ್ದನೆಯ ಕಟ್ಟಿಗೆ ಇತ್ತು ನಿಜ. ಆದರೆ ಗೋಡೆಗೆ ಬಣ್ಣ ಬಳಿಯುವವರು ಕೆಳಗೆ ಕೆಲಸ ಮಾಡುವಾಗ ಅದು ಕೆಡದಿರಲೆಂದು ಈ ತುದಿಯಿಂದ ಆ ತುದಿಯವರೆಗೆ ಗೋಣಿತಟ್ಟು ಸುತ್ತಿ ಹುರಿಯಿಂದ ಬಿಗಿದಿದ್ದರು. ತೆಗೆಯುವುದನ್ನು ಮರೆತಿದ್ದರಂತೆ. ಜೇಬಿನಲ್ಲಿದ್ದ ಪೆನ್ನಿನಿಂದ ಬಡಿದೆ, ಕೆಳಗಿನಿಂದ ಕೋಲು ತರಿಸಿ ಬಡಿದೆ. ಧಪ್ ಎನ್ನುತ್ತಿತ್ತು, ಅಷ್ಟೇ. ಹಿಂದಿನ ಸಂಜೆ ಕೇಳಿದ ಸದ್ದು ಅದರಿಂದ ಬರಲು ಸಾಧ್ಯವೇ ಇರಲಿಲ್ಲ.

ಸಿಕ್ಕವರನ್ನೆಲ್ಲ ವಿಚಾರಿಸಿದೆ. ಬಡಿಯುವ ಸದ್ದನ್ನು ಜನರಲ್ಲಿ ಯಾರೂ ಕೇಳಿರಲಿಲ್ಲ. ಒನ್ಸ್ ಮೋರ್ ಬೇಡವೆಂದು ನೀವೇ ಹೇಳಿ ನೀವೇ ಮತ್ತೆ ಹಾಡಿಸಿದಿರಲ್ಲ ಎಂದು ಒಬ್ಬರು ಕೀಟಲೆ ಮಾಡಿದರು. ಇಮಾಮ್ ಮಾತ್ರ, "ಏನೋ ಕೇಳಿಸ್ತರಿ, ಖರೇ ಹೇಳಬೇಕಂದ್ರ ನಾ ಹಿಂದ ತಿರಗಿ ನೋಡಲಿಲ್ಲ" ಎಂದು ಮಾತು ಮುಗಿಸಿದ. ಆ ಹಾಡಿನ ತುಣುಕು ಆಗಲೇ ಊರ ತುಂಬ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿತ್ತು. ಎಲ್ಲರ ಬಳಿಯೂ ಇದ್ದದ್ದು ಎರಡನೇ ಸಲದ್ದು. ಆ ದನಿ ಏರಿದಾಗಲೇ ಜನಕ್ಕೆ ಮೊಬೈಲ್ ಎತ್ತಬೇಕೆನಿಸಿದ್ದು. ಮೊದಲ ಸಲದ್ದನ್ನು ಒಬ್ಬರೂ ಹಿಡಿದಿರಲಿಲ್ಲ. ಎರಡನೆಯದರ ಆ ತುಣುಕನ್ನೇ ಮತ್ತೆ ಮತ್ತೆ ಕೇಳಿದೆ. ಹಾಡು ಮುಗಿದ ಮೇಲೂ ಬಡಿತವಿಲ್ಲ. ಆದರೆ ದನಿ ಇದೆ, ಹಿಂದೆ ತಡವರಿಸುವ ನನ್ನ ಪೆಟ್ಟಿಗೆಯೂ ಇದೆ.

ಕಸ್ತೂರಕ್ಕ ಫೋನ್ ಎತ್ತುತ್ತಿರಲಿಲ್ಲ. ಡಾಕ್ಟರು ಮಾತಾಡಬಾರದೆಂದಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ದನಿ ಹೋಗಿಯೇಬಿಟ್ಟಿತು ಎಂದು ನಾನು ತೀರ್ಮಾನಿಸಿದ್ದೆ. ಕಾರ್ಖಾನೆಯಲ್ಲಿ ಸರಿಯಿದ್ದ ಮಾಲನ್ನು ಪಕ್ಕಕ್ಕೆ ಎಸೆದು ಮೇಲಿನವರಿಂದ ಬೈಸಿಕೊಂಡೆ. ಕಡೆಗೆ ಪಕ್ಕದ ಮನೆಯವರ ಕೈಲಿ ಕಸ್ತೂರಕ್ಕನೇ ಹೇಳಿಕಳಿಸಿದಾಗ ಸೀದಾ ಹಳೇ ಹುಬ್ಬಳ್ಳಿಗೆ ಗಾಡಿ ಓಡಿಸಿದೆ.

ಬಾಗಿಲಲ್ಲೇ, "ಬಾ ತಮ್ಮಾ, ಕುಂದರು" ಎಂದರು. ಅದೇ ದನಿ, ತುಸು ಒರಟು, ಮೊದಲಿನಂತೆಯೇ. ನನಗೆ ಹೋದ ಜೀವ ಬಂದಂತಾಯಿತು. ಡಾಕ್ಟರು ಒಳಗೆಲ್ಲ ನೋಡಿದರಂತೆ. ಗಂಟು ಹಿಂದಿನಷ್ಟೇ ಇದೆ, ಹೊಸದಾಗಿ ಏನೂ ಆಗಿಲ್ಲ, ಅಷ್ಟು ಎತ್ತರದಲ್ಲಿ ಹಾಡಿದಿರೆಂದರೆ ನಾನು ನಂಬುವುದಿಲ್ಲ ಎಂದರಂತೆ.

"ಅವ್ರು ನಂಬದಿದ್ದದ್ದ ಖರೇ ಐತಿ" ಎಂದರು ಕಸ್ತೂರಕ್ಕ. "ಎರಡನೇ ಸಲ ನಾ ಹಾಡಿಲ್ಲ."

ಏನು ಹೇಳುತ್ತಿದ್ದೀರಿ ಎಂದು ಕೇಳಿದೆ.

"ಬಾಯಿ ತೆರದೆ. ದನಿ ಹೊಂಡಲಿಲ್ಲ. ಅಷ್ಟರಾಗ ಹಾಡು ಶುರು ಆತು. ನಾ ಸುಮ್ಮ ತುಟಿ ಅಲಗಿಸಿದೆ. ಮತ್ತೇನ ಮಾಡ್ಲಿ, ಮಂದಿ ನೋಡಾಕತ್ತಿದ್ರು."

ಹಾಗಾದರೆ ಯಾರ ದನಿ ಅದು, ನಿಮ್ಮ ಕಂಪನಿಯ ಕಾಲದಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದವರದೇ ಎಂದು ಕೇಳಿದೆ. ಅವರು ತಲೆಯಾಡಿಸಿದರು. "ಅವ್ರ ದನಿ ನನಗ ಗೊತ್ತಿಲ್ಲೇನು? ಅವ್ರದಲ್ಲ. ಗುರ್ತ ಹತ್ತಲಿಲ್ಲ ನನಗ."

ಸುಮ್ಮನೆ ಒಪ್ಪಿಕೊಳ್ಳುವವನಲ್ಲ ನಾನು. ಗಾಬರಿಯಲ್ಲಿ ಹಾಡಿದ್ದು ನಿಮಗೆ ನೆನಪಿರಲಿಕ್ಕಿಲ್ಲ, ಮೈಮರೆತಾಗ ಹಾಗಾಗುತ್ತದೆ, ಬಡಿಯುವ ಕಥೆ ನಿಮ್ಮಿಂದಲೇ ಕೇಳಿದ್ದೆನಾದ್ದರಿಂದ ನನ್ನ ಕಿವಿಗೂ ಹಾಗೆ ಕೇಳಿಸಿರಬಹುದು ಎಂದೆಲ್ಲ ಹೇಳುತ್ತಾ ಹೋದೆ. ಒಳಗಿನಿಂದ ಬೇರೆ ಯಾರಾದರೂ ಹಾಡಿರಬಹುದೇ ಎಂದೂ ಯೋಚಿಸಿದೆ. ನಮ್ಮ ತಂಡದಲ್ಲಿ ಆ ಎತ್ತರಕ್ಕೆ ಹೋಗುವ ದನಿ ಯಾರಿಗೂ ಇರಲಿಲ್ಲ. ಕಸ್ತೂರಕ್ಕ ನನ್ನ ಮಾತಿಗೆ ಹೂಂ ಎನ್ನುತ್ತಿದ್ದರು, ಆದರೆ ಅವರ ಮನಸ್ಸು ಅದರಲ್ಲಿ ಇರಲಿಲ್ಲ.

"ಎರಡನೇದ್ದು ಇರ್ಲಿ ಬಿಡು" ಎಂದರು ಕೊನೆಗೆ. "ಬಂದವ್ರೆಲ್ಲಾ ಅದನ್ನ ಹೊಗಳಾಕತ್ತಾರ. ನೀ ಪೆಟ್ಟಿಗಿ ಮುಂದ ಕುಂತಿದ್ದೆಲ್ಲಾ, ನಿನಗ ಗೊತ್ತಿರತೈತಿ ಅಂತ ಕರಸಿದೆ. ಮೊದಲನೇದ್ದು ಹ್ಯಾಂಗಾತು? ಅದು ನಂದು."

ನೆನಪಿಸಿಕೊಳ್ಳಲು ನೋಡಿದೆ. ನಾನೇ ಸ್ವರ ಕೊಟ್ಟಿದ್ದೆ, ನಾನೇ ಜೊತೆಗೆ ನುಡಿಸಿದ್ದೆ. ಎಲ್ಲಿ ಉಸಿರು ತೆಗೆದುಕೊಂಡರು, ಯಾವ ಮಾತನ್ನು ಎಳೆದರು, ಹೇಗೆ ಮುಗಿಸಿದರು, ಒಂದೂ ಬರಲಿಲ್ಲ. ಹುಡುಕಿದಷ್ಟೂ ಕಿವಿಯಲ್ಲಿ ಆ ಎರಡನೆಯ ದನಿಯೇ ಏರುತ್ತಿತ್ತು.

"ಛಲೋ ಆತ್ರಿ ಅಕ್ಕಾರ" ಎಂದೆ.

"ನಿನಗೂ ನೆನಪಿಲ್ಲ" ಎಂದು ಎದ್ದು ಚಹಾ ಇಡಲು ಒಳಗೆ ಹೋದರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಅವರು ಈಗಲೂ ಪಾಠ ಹೇಳುತ್ತಾರೆ, ಆ ಹಾಡನ್ನು ಮಾತ್ರ ಯಾರಿಗೂ ಕಲಿಸಿಲ್ಲ. ಅಂದು ಯಾರು ಬಡಿದರು, ಯಾರು ಹಾಡಿದರು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಬಗೆಹರಿಯುವ ಆಸೆಯನ್ನೂ ಹೆಚ್ಚುಕಡಿಮೆ ಬಿಟ್ಟಿದ್ದೇನೆ. ಆ ಸಂಜೆ ಅಲ್ಲಿದ್ದವರು ಎಲ್ಲಿ ಸಿಕ್ಕರೂ, ಮೊದಲ ಸಲ ಹೇಗೆ ಹಾಡಿದರು ಎಂದು ಕೇಳುತ್ತೇನೆ. ಎಲ್ಲರೂ ಕಣ್ಣರಳಿಸಿ ಎರಡನೆಯದರ ಬಗ್ಗೆಯೇ ಶುರು ಮಾಡುತ್ತಾರೆ. ಇದನ್ನು ಓದುತ್ತಿರುವ ನೀವು ಅಂದು ಆ ಕುರ್ಚಿಗಳಲ್ಲಿ ಎಲ್ಲಾದರೂ ಕುಳಿತಿದ್ದು, ಮೊದಲನೆಯದು ನಿಮಗೇನಾದರೂ ನೆನಪಿದ್ದರೆ, ನನಗೆ ಹೇಳುವುದು ಬೇಡ. ಹಳೇ ಹುಬ್ಬಳ್ಳಿಗೆ ಹೋಗಿ ಅವರಿಗೆ ಹೇಳಿಬನ್ನಿ.